ಟೈಬರ್ ದಡದ ಗುಡಿಸಲುಗಳು



'ರೂಮ್' ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಪವಿತ್ರ ಕುರ್‌ಆನ್‌ನ 30ನೆಯ ಅಧ್ಯಾಯದ ಹೆಸರೇ 'ಅರ್ರೂಮ್'. ಅದು ಅವತೀರ್ಣವಾದ ಏಳನೆಯ ಶತಮಾನದಲ್ಲಿ ರೂಮ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್ ಆಗಿತ್ತು. ಆದರೆ ಆ ಹೆಸರಿನ ತವರೂರು ಅದಲ್ಲ. ಅದಕ್ಕೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಇಟಲಿಯ ಟೈಬರ್ ಎಂಬ ನದಿಯ ದಡದಲ್ಲಿ, ಕುರಿ ಮೇಯಿಸುವವರ ಕೆಲವು ಗುಡಿಸಲುಗಳಿದ್ದವು. ರೂಮ್‌ನ ಕಥೆ ಆರಂಭವಾಗುವುದು ಅಲ್ಲಿಂದ.

ಶಾಲೆಯ ಪುಸ್ತಕಗಳಲ್ಲಿ ರೋಮ್ ಎಂದರೆ ಜೂಲಿಯಸ್ ಸೀಸರ್, ಕೊಲೋಸಿಯಂ ಮತ್ತು ಶಿಸ್ತಿನ ಸೈನ್ಯ. ಸೀಸರನ ಹತ್ಯೆಯಾದದ್ದು ಕ್ರಿ.ಪೂ. 44ರಲ್ಲಿ. ಕೊಲೋಸಿಯಂ ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ. ಅಷ್ಟು ಹೊತ್ತಿಗೆ ಆ ಊರಿಗೆ ಏಳೆಂಟು ನೂರು ವರ್ಷ ವಯಸ್ಸಾಗಿತ್ತು. ಅದರ ಬಾಲ್ಯದ ಬಗ್ಗೆ ನಮ್ಮ ಬಿ.ಎ. ಪಠ್ಯದಲ್ಲಿದ್ದದ್ದು ಒಂದೆರಡು ಪ್ಯಾರಾ ಮಾತ್ರ. ಆದರೆ ನಿಜವಾದ ಪ್ರಶ್ನೆ ಇರುವುದು ಅಲ್ಲಿಯೇ. ಸುತ್ತಮುತ್ತ ಅದಕ್ಕಿಂತ ಶ್ರೀಮಂತವಾದ, ವಿದ್ಯಾವಂತವಾದ ಊರುಗಳಿದ್ದವು. ಅವುಗಳಲ್ಲಿ ಎಷ್ಟೋ ಮಣ್ಣಾಗಿ ಹೋದವು. ಇದೊಂದೇ ಊರು ಇಷ್ಟೆತ್ತರಕ್ಕೆ ಬೆಳೆದದ್ದು ಹೇಗೆ? ಬನ್ನಿ, ಇಂದಿಗೂ ಹೋಗಿ ನೋಡಬಹುದಾದ ಕೆಲವು ಜಾಗಗಳಲ್ಲಿ ನಿಂತು ಉತ್ತರ ಹುಡುಕೋಣ.

ನದಿ ಮತ್ತು ಉಪ್ಪು

ನೀವು ಎಂದಾದರೂ ರೋಮ್‌ಗೆ ಹೋದರೆ ಮೊದಲು ಟೈಬರ್ ನದಿಯ ನಡುವೆ ಇರುವ ಪುಟ್ಟ ದ್ವೀಪಕ್ಕೆ ಹೋಗಿ. ಹಡಗಿನ ಆಕಾರದ ಆ ದ್ವೀಪದ ಮೇಲೆ ಈಗ ಒಂದು ಆಸ್ಪತ್ರೆ ಇದೆ. ಅಪೆನ್ನೈನ್ ಬೆಟ್ಟಗಳಲ್ಲಿ ಹುಟ್ಟುವ ಟೈಬರ್ ಸುಮಾರು 400 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ರೋಮ್‌ನಿಂದ ಸಮುದ್ರಕ್ಕೆ ಸುಮಾರು 25 ಕಿಲೋಮೀಟರ್. ನದಿಯ ಕೆಳಭಾಗದಲ್ಲಿ ಸುಲಭವಾಗಿ ದಾಟಲು ಸಿಗುವ ಜಾಗ ಈ ದ್ವೀಪದ ಹತ್ತಿರ ಇತ್ತು. ಸೇತುವೆ ಇಲ್ಲದ ಕಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುವವರು ಇಲ್ಲಿಗೇ ಬರಬೇಕಿತ್ತು.

ಇನ್ನೊಂದು ದಾರಿಯೂ ಇಲ್ಲಿ ಕೂಡುತ್ತಿತ್ತು. ಅದು ಉಪ್ಪಿನ ದಾರಿ. ನದಿ ಸಮುದ್ರ ಸೇರುವಲ್ಲಿ ಉಪ್ಪಿನ ಗದ್ದೆಗಳಿದ್ದವು. ಬೆಟ್ಟದ ಮೇಲಿನ ಕುರಿಗಾಹಿಗಳಿಗೆ ಉಪ್ಪು ಬೇಕಿತ್ತು. ಮಾಂಸ ಕೆಡದಂತೆ ಇಡಲು, ಗಿಣ್ಣು ಮಾಡಲು, ಜಾನುವಾರುಗಳಿಗೆ ಕೊಡಲು. ಆ ಉಪ್ಪು ರೋಮ್‌ನ ಮೂಲಕವೇ ಸಾಗುತ್ತಿತ್ತು. ನಗರದಿಂದ ಈಶಾನ್ಯಕ್ಕೆ ಹೋಗುವ ಹಳೆಯ ರಸ್ತೆಗೆ ಇಂದಿಗೂ 'ಸಲಾರಿಯಾ', ಅಂದರೆ ಉಪ್ಪಿನ ರಸ್ತೆ ಎಂದೇ ಹೆಸರು. ನಮ್ಮ ಮನೆಯವರು ತಿಂಗಳ ಕೊನೆಗೆ ಕಾಯುವ 'ಸ್ಯಾಲರಿ' ಎಂಬ ಪದದ ಮೂಲದಲ್ಲಿರುವುದೂ ಲ್ಯಾಟಿನ್ ಭಾಷೆಯ ಉಪ್ಪೇ.

ದ್ವೀಪದ ಎದುರಿನ ದಡದಲ್ಲಿ ದನದ ಸಂತೆ ಸೇರುತ್ತಿತ್ತು. ಅಲ್ಲಿ ಅಗೆದಾಗ ಕ್ರಿ.ಪೂ. ಎಂಟನೆಯ ಶತಮಾನದ ಗ್ರೀಕ್ ಮಡಕೆಗಳ ಚೂರುಗಳು ಸಿಕ್ಕಿವೆ. ಅಂದರೆ ಊರು ಇನ್ನೂ ಊರಾಗುವ ಮೊದಲೇ ಪರದೇಶದವರು ಅಲ್ಲಿಗೆ ಬಂದುಹೋಗುತ್ತಿದ್ದರು. ಅಪರಿಚಿತರ ಮುಖ ನೋಡಿ ರೂಢಿಯಾದ ಊರದು.

ಬೆಟ್ಟದ ಮೇಲಿನ ಮನೆಗಳು

ಸಂತೆಯ ಜಾಗದ ಪಕ್ಕದಲ್ಲಿಯೇ ಪ್ಯಾಲಟೈನ್ ಬೆಟ್ಟವಿದೆ. ರೋಮ್‌ನ ಏಳು ಬೆಟ್ಟಗಳಲ್ಲಿ ಇದು ಪ್ರಧಾನವಾದುದು. ಬೆಟ್ಟ ಎಂದರೆ ನಮ್ಮ ಪಶ್ಚಿಮ ಘಟ್ಟವನ್ನು ನೆನೆಯಬೇಡಿ. ಏರಲು ಹತ್ತು ನಿಮಿಷ ಸಾಕಾಗುವ ದಿಣ್ಣೆಗಳಿವು. ಮುಂದೆ ಚಕ್ರವರ್ತಿಗಳು ಇಲ್ಲಿಯೇ ಅರಮನೆ ಕಟ್ಟಿಸಿದರು. 'ಪ್ಯಾಲೇಸ್' ಎಂಬ ಪದ ಹುಟ್ಟಿದ್ದೇ ಈ ಬೆಟ್ಟದ ಹೆಸರಿನಿಂದ.

1948ರಲ್ಲಿ ಪುರಾತತ್ವಜ್ಞರು ಆ ಅರಮನೆಗಳ ಮಗ್ಗುಲಲ್ಲಿ ಅಗೆದಾಗ ಮೆದು ಬಂಡೆಯಲ್ಲಿ ಕೊರೆದ ಸಾಲು ಕುಳಿಗಳು ಕಂಡವು. ಅವು ಗುಡಿಸಲಿನ ಕಂಬ ನೆಡಲು ತೋಡಿದ ಕುಳಿಗಳು. ಕ್ರಿ.ಪೂ. ಒಂಬತ್ತು ಮತ್ತು ಎಂಟನೆಯ ಶತಮಾನದವು. ಹೆಣೆದ ಕಡ್ಡಿಗಳಿಗೆ ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು, ನಡುವೆ ಒಲೆ. ನಮ್ಮ ಅಜ್ಜಿಯಂದಿರು ಆ ಮನೆಗೆ ಹೋಗಿದ್ದರೆ ಯಾವುದು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ತೀರಿಕೊಂಡವರನ್ನು ಸುಟ್ಟು ಬೂದಿಯನ್ನು ಇಡುತ್ತಿದ್ದ ಮಣ್ಣಿನ ಕರಂಡಕಗಳನ್ನೂ ಅವರು ಪುಟ್ಟ ಗುಡಿಸಲಿನ ಆಕಾರದಲ್ಲಿಯೇ ಮಾಡುತ್ತಿದ್ದರು.

ಆ ಕಾಲದ ಹೆಂಗಸರ ಸಮಾಧಿಗಳಲ್ಲಿ ನೂಲುವ ಕದಿರಿಗೆ ಸಿಕ್ಕಿಸುವ ಮಣ್ಣಿನ ಬಿಲ್ಲೆಗಳು ಸಿಗುತ್ತವೆ. ರೋಮ್‌ನ ಪೂರ್ವಕ್ಕೆ ಗ್ಯಾಬಿಯಿ ಎಂಬ ಹಳೆಯ ಊರಿನ ಬಳಿ ಹೆಂಗಸೊಬ್ಬಳ ಸಮಾಧಿಯಲ್ಲಿ ಇನ್ನೊಂದು ಅಪೂರ್ವ ವಸ್ತು ದೊರೆತಿದೆ. ಅದು ಸಣ್ಣದೊಂದು ಮಣ್ಣಿನ ಪಾತ್ರೆ. ಅದರ ಮೇಲೆ ಕೆಲವೇ ಅಕ್ಷರಗಳನ್ನು ಗೀಚಲಾಗಿದೆ. ಕ್ರಿ.ಪೂ. ಎಂಟನೆಯ ಶತಮಾನದ ಆ ಗೀಚು ಇಟಲಿಯಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಅಕ್ಷರಗಳಲ್ಲಿ ಒಂದು. ಅದು ಸಿಕ್ಕಿದ್ದು ರಾಜನ ಖಜಾನೆಯಲ್ಲಲ್ಲ, ಒಬ್ಬ ಹೆಣ್ಣಿನ ಮಡಿಲಲ್ಲಿ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕು.

ರೋಮ್‌ನವರು ತಮ್ಮ ಊರಿನ ಹುಟ್ಟಿಗೆ ಒಂದು ತಾರೀಕನ್ನೇ ಗೊತ್ತು ಮಾಡಿಕೊಂಡಿದ್ದರು. ಕ್ರಿ.ಪೂ. 753ರ ಎಪ್ರಿಲ್ 21. ಇಂದಿಗೂ ಪ್ರತಿ ವರ್ಷ ಆ ದಿನ ನಗರದಲ್ಲಿ ಹಬ್ಬ ನಡೆಯುತ್ತದೆ. ನದಿಗೆ ಎಸೆಯಲ್ಪಟ್ಟ ಅವಳಿ ಶಿಶುಗಳಾದ ರೋಮ್ಯುಲಸ್ ಮತ್ತು ರೀಮಸ್‌ಗೆ ತೋಳವೊಂದು ಹಾಲೂಡಿಸಿತು, ಕುರಿಗಾಹಿಯ ಹೆಂಡತಿ ಅಕ್ಕಾ ಲಾರೆಂಶಿಯಾ ಅವರನ್ನು ಸಾಕಿದಳು, ಬೆಳೆದ ಮೇಲೆ ರೋಮ್ಯುಲಸ್ ತಮ್ಮನನ್ನು ಕೊಂದು ಊರು ಕಟ್ಟಿದ ಎಂಬುದು ಅವರ ಕಥೆ. ಇದು ಐತಿಹ್ಯ, ಇತಿಹಾಸವಲ್ಲ. ನಗರದ ಲಾಂಛನವಾಗಿರುವ ತೋಳದ ಕಂಚಿನ ಪ್ರತಿಮೆಯೂ ಅಷ್ಟು ಹಳೆಯದಲ್ಲ. ಬಹುಕಾಲ ಅದನ್ನು ಕ್ರಿ.ಪೂ. ಐದನೆಯ ಶತಮಾನದ್ದೆಂದು ನಂಬಲಾಗಿತ್ತು. ಇತ್ತೀಚಿನ ವೈಜ್ಞಾನಿಕ ಪರೀಕ್ಷೆಗಳು ಅದನ್ನು ಮಧ್ಯಯುಗದ್ದೆಂದು ತೋರಿಸಿವೆ. ಅದರ ಕೆಳಗಿನ ಅವಳಿ ಮಕ್ಕಳನ್ನು ಸೇರಿಸಿದ್ದು ಇನ್ನೂ ಈಚೆಗೆ, 15ನೆಯ ಶತಮಾನದಲ್ಲಿ.

ಆಶ್ರಯ ಕೊಟ್ಟ ತಗ್ಗು

ಐತಿಹ್ಯವೆಂದು ಕಥೆಗಳನ್ನು ತಳ್ಳಿಹಾಕುವಂತೆಯೂ ಇಲ್ಲ. ಒಂದು ಜನಾಂಗ ತನ್ನ ಬಗ್ಗೆ ಯಾವ ಕಥೆ ಹೇಳಿಕೊಳ್ಳುತ್ತದೆ ಎಂಬುದರಿಂದಲೂ ಅದರ ಸ್ವಭಾವ ತಿಳಿಯುತ್ತದೆ. ಈಗ ಪಕ್ಕದ ಕ್ಯಾಪಿಟೊಲೈನ್ ಬೆಟ್ಟಕ್ಕೆ ಬನ್ನಿ. ಇದಕ್ಕೆ ಎರಡು ಶಿಖರ, ನಡುವೆ ತಗ್ಗು. ಆ ತಗ್ಗಿನಲ್ಲಿ ಈಗ ಮೈಕೆಲೇಂಜೆಲೊ ವಿನ್ಯಾಸ ಮಾಡಿದ ಸುಂದರವಾದ ಚೌಕವಿದೆ. ಹೊಸ ಊರಿಗೆ ಜನ ಸಾಲದಾದಾಗ ರೋಮ್ಯುಲಸ್ ಇದೇ ಜಾಗವನ್ನು ಆಶ್ರಯಸ್ಥಾನವೆಂದು ಸಾರಿದನಂತೆ. ಓಡಿಬಂದ ಗುಲಾಮರು, ಸಾಲಗಾರರು, ಊರುಬಿಟ್ಟವರು, ಯಾರು ಬಂದರೂ ಎಲ್ಲಿಯವನು ಎಂದು ಕೇಳದೆ ಸೇರಿಸಿಕೊಂಡನಂತೆ.

ಗಮನಿಸಿ, ಸಹೋದರಿಯರೇ. ಅಥೆನ್ಸಿನವರು ತಾವು ಆ ಮಣ್ಣಿನಲ್ಲೇ ಹುಟ್ಟಿದವರೆಂದು ಜಂಬ ಪಡುತ್ತಿದ್ದರು. ರೋಮ್‌ನವರು, ನಮ್ಮ ಹಿರಿಯರು ನಾನಾ ಕಡೆಯಿಂದ ಬಂದ ದಿಕ್ಕಿಲ್ಲದವರು ಎಂದು ತಾವಾಗಿಯೇ ಬರೆದುಕೊಂಡರು. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ರೋಮ್ ಮತ್ತು ಸುತ್ತಲಿನ 29 ಜಾಗಗಳಲ್ಲಿ ಸಿಕ್ಕಿದ 127 ಪ್ರಾಚೀನ ಮನುಷ್ಯರ ಡಿಎನ್‌ಎ ಪರೀಕ್ಷಿಸಲಾಯಿತು. ಊರು ತಲೆಯೆತ್ತುತ್ತಿದ್ದ ಕಾಲದವರಲ್ಲಿಯೇ ಸ್ಥಳೀಯರ ಜೊತೆಗೆ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ರಕ್ತವಿದ್ದವರೂ ಕಂಡುಬಂದರು. ಕಥೆಯಲ್ಲಿದ್ದ ಬೆರಕೆ ನೆಲದಡಿಯಲ್ಲಿಯೂ ಇತ್ತು.

ಆದರೆ ಹಾಗೆ ಸೇರಿದವರೆಲ್ಲ ಗಂಡಸರು. ಹೆಣ್ಣು ಕೊಡಲು ನೆರೆಯ ಯಾವ ಊರೂ ಒಪ್ಪಲಿಲ್ಲ. ಆಗ ರೋಮ್ಯುಲಸ್ ಒಂದು ಹಬ್ಬ ಏರ್ಪಡಿಸಿ ಕುಟುಂಬ ಸಮೇತ ಬರುವಂತೆ ನೆರೆಯವರನ್ನು ಆಹ್ವಾನಿಸಿದ. ಬಂದವರಲ್ಲಿ ಸೆಬೈನ್ ಜನರಿದ್ದರು, ಆಂಟೆಮ್ನೆ ಎಂಬ ಊರಿನವರಿದ್ದರು. ಆಟ ನೋಡುತ್ತಿದ್ದಾಗ ಸನ್ನೆ ಸಿಕ್ಕಿದ್ದೇ ತಡ, ರೋಮ್‌ನ ಗಂಡಸರು ಅತಿಥಿಗಳ ಹೆಣ್ಣುಮಕ್ಕಳನ್ನು ಹೊತ್ತೊಯ್ದರು. ಯುರೋಪಿನ ಚಿತ್ರಕಾರರು ಈ ಘಟನೆಯನ್ನು ನೂರಾರು ಬಾರಿ ಚಂದವಾಗಿ ಬಿಡಿಸಿದ್ದಾರೆ. ಅತಿಥಿಯಾಗಿ ಬಂದವರ ಮಗಳನ್ನು ಅಪಹರಿಸುವುದರಲ್ಲಿ ಚಂದ ಏನಿದೆಯೋ ತಿಳಿಯದು.

ಈ ಕಥೆಯ ಮುಂದಿನ ಭಾಗವನ್ನು ಹೆಚ್ಚು ಮಂದಿ ಓದುವುದಿಲ್ಲ. ಸುಮಾರು ಏಳು ಶತಮಾನಗಳ ನಂತರ ಇದನ್ನು ಬರೆದಿಟ್ಟ ಇತಿಹಾಸಕಾರ ಲಿವಿಯ ಪ್ರಕಾರ, ಆಂಟೆಮ್ನೆಯವರು ಸೇಡು ತೀರಿಸಲು ಬಂದು ಸೋತರು. ಗೆದ್ದ ಸಂಭ್ರಮದಲ್ಲಿದ್ದ ರೋಮ್ಯುಲಸ್‌ನ ಬಳಿಗೆ ಅವನ ಹೆಂಡತಿ ಹೆರ್ಸಿಲಿಯಾ ಹೋದಳು. ಅಪಹರಣಕ್ಕೊಳಗಾದ ಹೆಣ್ಣುಮಕ್ಕಳು ಅವಳಲ್ಲಿ ಮೊರೆಯಿಟ್ಟಿದ್ದರು. ಅವರ ತಂದೆತಾಯಿಯರನ್ನು ಕ್ಷಮಿಸಿ, ಅವರನ್ನೂ ನಿಮ್ಮ ಊರಿನವರನ್ನಾಗಿ ಮಾಡಿಕೊಳ್ಳಿ, ಒಗ್ಗಟ್ಟಿನಿಂದಲೇ ರಾಜ್ಯ ಬೆಳೆಯುತ್ತದೆ ಎಂಬುದು ಅವಳ ಕೋರಿಕೆ. ರೋಮ್ಯುಲಸ್ ಒಪ್ಪಿದ. ಆಮೇಲೆ ಸೆಬೈನರು ದಂಡೆತ್ತಿ ಬಂದಾಗ ಬೆಟ್ಟದ ಕೆಳಗಿನ ಕಣಿವೆಯಲ್ಲಿ ಘೋರ ಕಾಳಗವಾಯಿತು. ಆಗ ಆ ಹೆಂಗಸರು ಹಾರುವ ಈಟಿಗಳ ನಡುವೆ ನುಗ್ಗಿ ನಿಂತರು. ಒಂದು ಕಡೆ ತಂದೆ, ಇನ್ನೊಂದು ಕಡೆ ಗಂಡ. ಯಾರು ಸತ್ತರೂ ನಷ್ಟ ಅವರದೇ. ಕಾಳಗ ನಿಂತಿತು. ಎರಡು ಜನಾಂಗ ಒಂದಾಗಿ, ಇಬ್ಬರು ದೊರೆಗಳು ಜೊತೆಯಾಗಿ ಆಳಿದರು.

ಸೋತವನನ್ನು ಊರಿನವನನ್ನಾಗಿ ಮಾಡಿಕೊಳ್ಳುವುದೇ ಮುಂದೆ ರೋಮ್‌ನ ದೊಡ್ಡ ರಾಜನೀತಿಯಾಯಿತು. ರೋಮ್‌ನವರ ಸ್ವಂತ ಕಥೆಯಲ್ಲಿಯೇ ಆ ಸಲಹೆ ಮೊದಲು ಬಂದದ್ದು ಒಬ್ಬ ಹೆಣ್ಣಿನ ಬಾಯಿಂದ. ಅದನ್ನು ಕೇಳಿಸಿಕೊಟ್ಟವರು ಅನ್ಯಾಯಕ್ಕೊಳಗಾದ ಹೆಣ್ಣುಮಕ್ಕಳು. ನಗರದ ಹೆಸರು ಮಾತ್ರ ರೋಮ್ಯುಲಸ್‌ನದು.

ಜೌಗು ನೆಲ ಚಾವಡಿಯಾಯಿತು

ಕ್ಯಾಪಿಟೊಲೈನ್‌ನಿಂದ ಕೆಳಗೆ ನೋಡಿದರೆ ಫೋರಂ ಕಾಣುತ್ತದೆ. ಮುರಿದ ಕಂಬಗಳು, ಕಮಾನುಗಳು, ಕ್ಯಾಮರಾ ಹಿಡಿದ ಪ್ರವಾಸಿಗರು. ಆ ಕಾಳಗ ನಡೆಯಿತೆನ್ನಲಾದ ಕಣಿವೆ ಇದೇ. ಮೊದಲು ಇದು ಮಳೆಗಾಲದಲ್ಲಿ ನೀರು ನಿಲ್ಲುವ ಜೌಗು ನೆಲ. ಅಂಚಿನಲ್ಲಿ ಸ್ಮಶಾನ. ಬೆಟ್ಟಗಳ ಮೇಲಿನ ಬೇರೆ ಬೇರೆ ಕೇರಿಯವರು ತಮ್ಮ ತಮ್ಮ ಪಾಡಿಗೆ ಇದ್ದರು. ಕ್ರಿ.ಪೂ. ಏಳನೆಯ ಶತಮಾನದಲ್ಲಿ ಅವರು ಒಟ್ಟಾಗಿ ಕಣಿವೆಗೆ ಅಪಾರ ಮಣ್ಣು ತುಂಬಿ, ಮೇಲೆ ಜಲ್ಲಿ ಹಾಸಿ ಸಮ ಮಾಡಿದರು. ನೀರು ಹರಿದುಹೋಗಲು ದೊಡ್ಡ ಕಾಲುವೆ ತೋಡಿದರು. ಅಲ್ಲಿ ಸಂತೆ, ಸಭೆ, ನ್ಯಾಯ ಎಲ್ಲ ಆರಂಭವಾಯಿತು. ಕೇರಿಗಳು ಸೇರಿ ಒಂದು ಪಟ್ಟಣವಾದದ್ದು ಆಗ.

ಆ ಕಾಲುವೆಗೆ 'ಕ್ಲೊಆಕಾ ಮ್ಯಾಕ್ಸಿಮಾ', ಅಂದರೆ ದೊಡ್ಡ ಚರಂಡಿ ಎಂದು ಹೆಸರು. ಆರಂಭದಲ್ಲಿ ತೆರೆದಿದ್ದ ಅದಕ್ಕೆ ಆಮೇಲೆ ಕಲ್ಲಿನ ಕಮಾನು ಮುಚ್ಚಲಾಯಿತು. ಟೈಬರ್ ದಡದಲ್ಲಿ ಅದರ ಬಾಯಿ ಇಂದಿಗೂ ಕಾಣುತ್ತದೆ. ಆದರೆ ಅದನ್ನು ತೋಡಿದವರ ಪಾಡನ್ನೂ ಮರೆಯಬಾರದು. ರಾಜನ ಬಿಟ್ಟಿ ದುಡಿಮೆಯಿಂದ ಬಡ ಜನ ನಲುಗಿದರೆಂದು ರೋಮ್‌ನ ಲೇಖಕರೇ ಬರೆದಿದ್ದಾರೆ. ಕೆಲವರು ಆ ಕೆಲಸಕ್ಕಿಂತ ಸಾವೇ ಮೇಲೆಂದು ಪ್ರಾಣ ಕಳೆದುಕೊಂಡರೆಂದು ಪ್ಲಿನಿ ಎಂಬವನು ದಾಖಲಿಸಿದ್ದಾನೆ.

ಈ ಕಾಲದ ದೊರೆಗಳೂ ಹೊರಗಿನವರೇ. ಎರಡನೆಯ ದೊರೆ ನ್ಯೂಮಾ ಸೆಬೈನ್ ಜನಾಂಗದವನು. ಐದನೆಯ ದೊರೆ ಟಾರ್ಕ್ವಿನಿಯಸ್‌ನ ತಂದೆ ಗ್ರೀಸಿನ ಕೊರಿಂತ್‌ನಿಂದ ಬಂದ ನಿರಾಶ್ರಿತ, ತಾಯಿ ಎಟ್ರುಸ್ಕನ್. ಉತ್ತರದ ಎಟ್ರುಸ್ಕನ್ನರು ಆಗ ಇಟಲಿಯಲ್ಲೇ ಮುಂದುವರಿದ ಜನ. ಪರದೇಶಿಯ ಮಗನೆಂದು ತನ್ನ ಊರಿನಲ್ಲಿ ಗಂಡನಿಗೆ ಮರ್ಯಾದೆ ಸಿಗದಿದ್ದಾಗ, ರೋಮ್ ಹೊಸ ಊರು, ಅಲ್ಲಿ ಯೋಗ್ಯತೆಗೆ ಬೆಲೆಯಿದೆ ಎಂದು ಅವನನ್ನು ಕರೆತಂದವಳು ಹೆಂಡತಿ ತನಾಕ್ವಿಲ್. ಅವನ ನಂತರ ಆಳಿದ ಸರ್ವಿಯಸ್ ಟುಲಿಯಸ್ ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸಿನ ಮಗ. ಅವನನ್ನು ಬೆಳೆಸಿ ಗದ್ದುಗೆಗೇರಿಸಿದವಳೂ ಅದೇ ತನಾಕ್ವಿಲ್ ಎನ್ನುತ್ತದೆ ಕಥೆ.

ಫೋರಂನಲ್ಲಿ ಅಲಿಫ್ ಬಾ ಕಲಿಸುವ ನಮ್ಮಂಥವರ ಕಣ್ಣು ನಿಲ್ಲುವ ಇನ್ನೊಂದು ವಸ್ತುವಿದೆ. 1899ರಲ್ಲಿ ಕಪ್ಪು ಹಾಸುಗಲ್ಲಿನ ಕೆಳಗೆ ಕ್ರಿ.ಪೂ. ಆರನೆಯ ಶತಮಾನದ ಮುರಿದ ಶಾಸನ ಸಿಕ್ಕಿತು. ಲ್ಯಾಟಿನ್ ಭಾಷೆಯ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಒಂದು ಸಾಲು ಕೆಳಗಿನಿಂದ ಮೇಲಕ್ಕೆ, ಮುಂದಿನ ಸಾಲು ಮೇಲಿನಿಂದ ಕೆಳಕ್ಕೆ, ಎತ್ತು ಹೊಲ ಉಳುವಂತೆ ಅಕ್ಷರಗಳು ಸಾಗುತ್ತವೆ. ಫಿನೀಷಿಯಾದಲ್ಲಿ, ಅಂದರೆ ಇಂದಿನ ಲೆಬನಾನಿನ ಕರಾವಳಿಯಲ್ಲಿ ಬಳಕೆಯಲ್ಲಿದ್ದ ಅಕ್ಷರಗಳು ಗ್ರೀಕರಿಗೆ, ಅವರಿಂದ ಎಟ್ರುಸ್ಕನ್ನರಿಗೆ, ಅವರಿಂದ ರೋಮ್‌ಗೆ ಬಂದವು. ಅದೇ ಬುಡದ ಇನ್ನೊಂದು ಕೊಂಬೆ ಬೆಳೆದು ಅರಬಿ ಲಿಪಿಯಾಯಿತು. ನಮ್ಮ ಮಗು ಬೆಳಿಗ್ಗೆ ಮದ್ರಸದಲ್ಲಿ ಕಲಿಯುವ 'ಅಲಿಫ್, ಬಾ' ಮತ್ತು ಆಮೇಲೆ ಶಾಲೆಯಲ್ಲಿ ಕಲಿಯುವ 'ಎ, ಬಿ' ಒಂದೇ ತಾಯಿಯ ಮಕ್ಕಳು.

ರಾಜನಿಲ್ಲದ ಊರು

ಕೊನೆಯ ದೊರೆ ದುರಹಂಕಾರಿ ಟಾರ್ಕ್ವಿನ್. ಅವನ ಮಗ ಲುಕ್ರೀಶಿಯಾ ಎಂಬ ಗೃಹಿಣಿಯ ಮಾನಭಂಗ ಮಾಡಿದ. ಅವಳು ತಂದೆ ಮತ್ತು ಗಂಡನನ್ನು ಕರೆಸಿ, ನಡೆದುದನ್ನು ಹೇಳಿ, ಚೂರಿಯಿಂದ ಇರಿದುಕೊಂಡು ಸತ್ತಳು. ನಿನ್ನ ತಪ್ಪೇನೂ ಇಲ್ಲ ಎಂದು ಅವರು ಹೇಳಿದರೂ ಅವಳು ಕೇಳಲಿಲ್ಲ. ಅಪರಾಧ ಯಾರದೋ, ಶಿಕ್ಷೆ ಯಾರಿಗೋ. ಜನ ರೊಚ್ಚಿಗೆದ್ದು ರಾಜಮನೆತನವನ್ನೇ ಓಡಿಸಿದರು. ಇದು ಕ್ರಿ.ಪೂ. 509ರಲ್ಲಿ ಆಯಿತೆಂದು ರೋಮ್‌ನವರ ಲೆಕ್ಕ. ಅಂದಿನಿಂದ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು ಆರಿಸುವ ಗಣರಾಜ್ಯ.

ರಾಜ ಹೋದರೂ ಬಡವನ ಕಷ್ಟ ಹೋಗಲಿಲ್ಲ. ಅಧಿಕಾರವೆಲ್ಲ ಕುಲೀನ ಮನೆತನಗಳ ಕೈಯಲ್ಲಿತ್ತು. ಸಾಲ ತೀರಿಸಲಾಗದ ಸಾಮಾನ್ಯನನ್ನು ಸಾಲ ಕೊಟ್ಟವನು ಜೀತಕ್ಕೆ ಎಳೆದೊಯ್ಯಬಹುದಿತ್ತು. ಕ್ರಿ.ಪೂ. 494ರಲ್ಲಿ ಸಾಮಾನ್ಯರು ಒಂದು ವಿಶಿಷ್ಟ ಉಪಾಯ ಮಾಡಿದರು. ಕತ್ತಿ ಎತ್ತದೆ, ಬೆಂಕಿ ಹಚ್ಚದೆ, ಊರು ಬಿಟ್ಟು ಕೆಲವು ಮೈಲಿ ದೂರದ ಗುಡ್ಡದಲ್ಲಿ ಹೋಗಿ ಕುಳಿತರು. ಯುದ್ಧಕ್ಕೆ ಜನರಿಲ್ಲದೆ ಕುಲೀನರು ಕಂಗಾಲಾಗಿ ರಾಜಿಗೆ ಬಂದರು. ಸಾಮಾನ್ಯರ ಪರವಾಗಿ ಅಧಿಕಾರಿಗಳ ಆದೇಶವನ್ನು ತಡೆಯಬಲ್ಲ 'ಟ್ರಿಬ್ಯೂನ್'ಗಳ ನೇಮಕವಾಯಿತು. ಕಾನೂನು ಕುಲೀನರ ಬಾಯಲ್ಲಿದ್ದರೆ ಸಾಲದು, ಬರೆದು ಹಾಕಿ ಎಂಬ ಹೋರಾಟದಿಂದ ಕ್ರಿ.ಪೂ. 451 ಮತ್ತು 450ರಲ್ಲಿ 'ಹನ್ನೆರಡು ಫಲಕ'ಗಳು ಬಂದವು. ಮಕ್ಕಳು ಅವನ್ನು ಕಂಠಪಾಠ ಮಾಡುತ್ತಿದ್ದರು. ತಾನೂ ಬಾಲ್ಯದಲ್ಲಿ ಹಾಗೆಯೇ ಕಲಿತೆನೆಂದು ಸಿಸೆರೊ ನೆನಪಿಸಿಕೊಂಡಿದ್ದಾನೆ.

ಆ ಫಲಕಗಳಲ್ಲಿ ಎಲ್ಲವೂ ಒಳ್ಳೆಯದಿರಲಿಲ್ಲ. ಬೆಳೆದ ಹೆಂಗಸೂ ಪುರುಷ ಪೋಷಕನ ಅಧೀನದಲ್ಲಿ ಇರಬೇಕಿತ್ತು. ಕುಲೀನರಿಗೂ ಸಾಮಾನ್ಯರಿಗೂ ಮದುವೆ ನಿಷಿದ್ಧವಾಗಿತ್ತು. ಮದುವೆಯ ನಿಷೇಧ ಕ್ರಿ.ಪೂ. 445ರಲ್ಲಿ ರದ್ದಾಯಿತು. ಸಾಲದ ಜೀತ ರದ್ದಾಗಲು ಕ್ರಿ.ಪೂ. 326ರ ವರೆಗೆ ಕಾಯಬೇಕಾಯಿತು. ಹೆಂಗಸಿಗೆ ಮತದಾನದ ಹಕ್ಕನ್ನಂತೂ ಪ್ರಾಚೀನ ರೋಮ್ ಕೊನೆಯವರೆಗೂ ಕೊಡಲಿಲ್ಲ.

ಗೋಡೆ ಮತ್ತು ಬಾಗಿಲು

ಇನ್ನು ಟರ್ಮಿನಿ ರೈಲು ನಿಲ್ದಾಣಕ್ಕೆ ಬನ್ನಿ. ನಿಲ್ದಾಣದ ಎದುರಿಗೇ, ಬಸ್ಸುಗಳ ಗದ್ದಲದ ನಡುವೆ, ದೊಡ್ಡ ದೊಡ್ಡ ಕಲ್ಲುಗಳ ಹಳೆಯ ಗೋಡೆ ನಿಂತಿದೆ. ಸುಮಾರು 11 ಕಿಲೋಮೀಟರ್ ಉದ್ದವಿದ್ದ ಕೋಟೆಗೋಡೆಯ ತುಂಡು ಅದು. ಕ್ರಿ.ಪೂ. 390ರ ಸುಮಾರಿಗೆ ಉತ್ತರದ ಗಾಲ್ ಜನರು ರೋಮ್‌ಗೆ ನುಗ್ಗಿ ಊರನ್ನು ಸೂರೆ ಮಾಡಿದರು. ಆ ಪೆಟ್ಟಿನ ನಂತರ ಕಟ್ಟಿದ ಗೋಡೆಯಿದು. ಅದರ ಬಹುಪಾಲು ಕಲ್ಲು ಬಂದದ್ದು ವೇಯಿ ಎಂಬ ಎಟ್ರುಸ್ಕನ್ ಪಟ್ಟಣದ ಪ್ರದೇಶದಿಂದ. ಕ್ರಿ.ಪೂ. 396ರಲ್ಲಿ ರೋಮ್ ವೇಯಿಯನ್ನು ಗೆದ್ದು ಅಲ್ಲಿನ ಜನರನ್ನು ಗುಲಾಮರನ್ನಾಗಿ ಮಾರಿತ್ತು. ರೋಮ್‌ನ ಬೆಳವಣಿಗೆಯಲ್ಲಿ ಇಂಥ ಕ್ರೌರ್ಯವೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಕ್ರೌರ್ಯ ಎಲ್ಲ ಊರುಗಳಲ್ಲಿಯೂ ಇತ್ತು. ರೋಮ್‌ನಲ್ಲಿ ಬೇರೆಯದಾಗಿ ಇದ್ದದ್ದು ಇನ್ನೊಂದು. ಕ್ರಿ.ಪೂ. 338ರಲ್ಲಿ ನೆರೆಯ ಲ್ಯಾಟಿನ್ ಊರುಗಳನ್ನು ಸೋಲಿಸಿದ ಮೇಲೆ ಅದು ಕೆಲವು ಊರುಗಳಿಗೆ ಪೂರ್ಣ ಪೌರತ್ವ ಕೊಟ್ಟಿತು, ಕೆಲವಕ್ಕೆ ಮತದಾನವಿಲ್ಲದ ಪೌರತ್ವ, ಉಳಿದವಕ್ಕೆ ಮೈತ್ರಿ. ಸೋತವರಿಂದ ಅದು ಕೇಳಿದ್ದು ಮುಖ್ಯವಾಗಿ ಸೈನಿಕರನ್ನು. ನಿನ್ನೆ ಎದುರಾಳಿಯಾಗಿದ್ದವನು ನಾಳೆ ಅದರ ದಂಡಿನಲ್ಲಿದ್ದ. ಆದ್ದರಿಂದ ಒಂದು ಸೈನ್ಯ ನಾಶವಾದರೆ ಇನ್ನೊಂದು ಸಿದ್ಧವಾಗುತ್ತಿತ್ತು. ಕ್ರಿ.ಪೂ. 264ರ ಹೊತ್ತಿಗೆ ಇಟಲಿ ಪರ್ಯಾಯ ದ್ವೀಪವೆಲ್ಲ ರೋಮ್‌ನ ಹಿಡಿತಕ್ಕೆ ಬಂದಿತ್ತು.

ಇದನ್ನು ಚೆನ್ನಾಗಿ ಗುರುತಿಸಿದವನು ರೋಮ್‌ನ ಒಬ್ಬ ವೈರಿ. ಕ್ರಿ.ಪೂ. 214ರ ಸುಮಾರಿಗೆ ಮೆಸಿಡೋನಿಯಾದ ದೊರೆ ಐದನೆಯ ಫಿಲಿಪ್, ಗ್ರೀಸಿನ ಲಾರಿಸಾ ಪಟ್ಟಣದವರಿಗೆ ಒಂದು ಪತ್ರ ಬರೆದ. ಅದು ಕಲ್ಲಿನ ಮೇಲೆ ಉಳಿದಿದೆ. ನಿಮ್ಮ ಊರಿನಲ್ಲಿ ಜನ ಕಡಿಮೆಯಾಗಿದೆ, ಹೊರಗಿನವರನ್ನು ಪೌರರನ್ನಾಗಿ ಮಾಡಿಕೊಳ್ಳಿ, ರೋಮ್‌ನವರನ್ನು ನೋಡಿ, ಬಿಡುಗಡೆ ಮಾಡಿದ ಗುಲಾಮರಿಗೂ ಪೌರತ್ವ ಕೊಟ್ಟು ಅವರು ಎಷ್ಟು ಬೆಳೆದಿದ್ದಾರೆ ಎಂಬುದು ಅದರ ಸಾರಾಂಶ. ಪಕ್ಕದ ಅಥೆನ್ಸ್ ತಂದೆತಾಯಿ ಇಬ್ಬರೂ ಅಲ್ಲಿಯವರಾಗಿದ್ದರೆ ಮಾತ್ರ ಪೌರನೆಂದು ಒಪ್ಪುತ್ತಿತ್ತು. ಅಥೆನ್ಸಿನ ವಿದ್ಯೆ ದೊಡ್ಡದು, ಆದರೆ ಅದರ ಸಾಮ್ರಾಜ್ಯ ನೂರು ವರ್ಷವೂ ಬಾಳಲಿಲ್ಲ.

ಆಂಟೆಮ್ನೆಯ ಬುಡದಲ್ಲಿ

ಕೊನೆಯದಾಗಿ ನಗರದ ಉತ್ತರ ಅಂಚಿಗೆ ಹೋಗೋಣ. ಅನಿಯೆನೆ ಎಂಬ ನದಿ ಟೈಬರನ್ನು ಕೂಡುವ ಜಾಗದಲ್ಲಿ ಮರಗಳಿಂದ ತುಂಬಿದ ಒಂದು ಗುಡ್ಡವಿದೆ. ಹೆಸರು ಮಾಂಟೆ ಆಂಟೆನ್ನೆ. ಹೆಸರು ಕೇಳಿದಂತಿದೆಯೇ? ಹೆಣ್ಣುಮಕ್ಕಳನ್ನು ಕಳೆದುಕೊಂಡ, ಹೆರ್ಸಿಲಿಯಾಳ ಕೋರಿಕೆಯಿಂದ ರೋಮ್‌ನವರಾದ ಆಂಟೆಮ್ನೆ ಜನರ ಊರು ಇದ್ದದ್ದು ಇದೇ ಗುಡ್ಡದ ಮೇಲೆ.

ಆ ಗುಡ್ಡದ ಬುಡದಲ್ಲಿ ಈಗ ರೋಮ್‌ನ ದೊಡ್ಡ ಮಸೀದಿ ಇದೆ. ನಗರಾಡಳಿತ 1974ರಲ್ಲಿ ಜಾಗ ಕೊಟ್ಟಿತು. ಇಟಲಿಯ ವಾಸ್ತುಶಿಲ್ಪಿ ಪಾವೊಲೊ ಪೋರ್ಟೊಗೇಸಿ ಮತ್ತು ಸಂಗಡಿಗರು ನಕ್ಷೆ ಮಾಡಿದರು. 1995ರಲ್ಲಿ ಉದ್ಘಾಟನೆಯಾಯಿತು. ಒಳಗಿನ ಕಂಬಗಳು ಕೈಗಳಂತೆ ಮೇಲಕ್ಕೆ ಚಾಚಿ ಗುಮ್ಮಟವನ್ನು ಹೊತ್ತಿವೆ. ಶುಕ್ರವಾರ ಅಲ್ಲಿ ಮೊರಾಕ್ಕೊದವರು, ಈಜಿಪ್ಟಿನವರು, ಬಾಂಗ್ಲಾದೇಶದವರು ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಾರೆ.

ಸಹೋದರಿಯರೇ, ಮಕ್ಕಳಿಗೆ ರೋಮ್‌ನ ಪಾಠ ಹೇಳಿಕೊಡುವಾಗ ಕತ್ತಿ ಮತ್ತು ಕೊಲೋಸಿಯಂ ಜೊತೆಗೆ ಹೆರ್ಸಿಲಿಯಾಳ ಹೆಸರನ್ನೂ ಹೇಳಿ. ಅನ್ಯಾಯವಾದವರ ಮೊರೆಯನ್ನು ಅವಳು ಗೆದ್ದವನ ಕಿವಿಗೆ ಹಾಕಿದಳು ಎನ್ನಿ. ಮುಂದಿನದನ್ನು ಅವರೇ ಕೇಳುತ್ತಾರೆ. ಆಗ ಭೂಪಟ ತೆಗೆದು ಟೈಬರ್ ನದಿಯ ಆ ತಿರುವನ್ನು ಬೆರಳಿಟ್ಟು ತೋರಿಸಿ.